ಸ್ತನದ ಗಂಟು ಮತ್ತು ರಕ್ತಪರೀಕ್ಷೆ



ರಾಗಿಯ ಬಿತ್ತನೆ, ಗೊಬ್ಬರದ ಗುಂಡಿ, ಹಸುವಿನ ಕೆಚ್ಚಲುಬಾವು ಮೊದಲಾದ ವಿಷಯಗಳನ್ನು ಈ ಪತ್ರಿಕೆಯಲ್ಲಿ ಓದುವುದು ನಿಮಗೆ ರೂಢಿ. ಈ ಸಲ ಮನೆಯ ಹೆಂಗಸರ ಆರೋಗ್ಯಕ್ಕೆ ಸೇರಿದ ಒಂದು ವಿಷಯವನ್ನು ತಿಳಿಸಬೇಕೆಂದಿದ್ದೇವೆ. ಇದು ಹೆಂಗಸರ ಮಾತು, ನಮಗೇಕೆ ಎಂದು ಹಾಳೆ ಮಗುಚಬೇಡಿ. ಹಸುವಿನ ಕೆಚ್ಚಲು ಬೆಳಿಗ್ಗೆ ಗಟ್ಟಿಯಾಗಿ ಕಂಡರೆ ಸಂಜೆಯೊಳಗೆ ಪಶುವೈದ್ಯರನ್ನು ಕರೆತರುವವರು ನಾವು. ಅದೇ ಮನೆಯಾಕೆಯ ಎದೆಯಲ್ಲಿ ಗಂಟು ಕಂಡರೆ ಆಕೆ ನಾಚಿಕೆಯಿಂದ ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಹೀಗೆ ತಿಂಗಳುಗಳು ಉರುಳುತ್ತವೆ.

ಸ್ತನದ ಕ್ಯಾನ್ಸರು ಇಂದು ಬೆಂಗಳೂರಿನ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುತ್ತಿರುವ ಕ್ಯಾನ್ಸರು. ಇದು ಊಹೆಯ ಮಾತಲ್ಲ. ಬೆಂಗಳೂರಿನಲ್ಲಿ ಯಾರು ಯಾರಿಗೆ ಯಾವ ಕ್ಯಾನ್ಸರು ಬಂದಿತೆಂಬುದನ್ನು 1982ರಿಂದಲೂ ಕಿದ್ವಾಯಿ ಆಸ್ಪತ್ರೆಯವರು ಕ್ರಮವಾಗಿ ದಾಖಲು ಮಾಡುತ್ತ ಬಂದಿದ್ದಾರೆ. ಮೊದಲ ವರ್ಷಗಳ ದಾಖಲೆಯಲ್ಲಿ ಹೆಂಗಸರಿಗೆ ಬರುವ ಕ್ಯಾನ್ಸರುಗಳಲ್ಲಿ ಗರ್ಭಕೋಶದ ಕೊರಳಿನ ಕ್ಯಾನ್ಸರು ಮುಂದಿತ್ತು. ಈಗ ಆ ಸ್ಥಾನಕ್ಕೆ ಸ್ತನದ ಕ್ಯಾನ್ಸರು ಬಂದಿದೆ.

ಈಚಿನ ವರ್ಷಗಳಲ್ಲಿ ಕೆಂಗೇರಿ, ವಿಜಯನಗರ, ರಾಜಾಜಿನಗರದ ಕಡೆ ಹೋದವರು ರಕ್ತಪರೀಕ್ಷೆಯ ಅಂಗಡಿಗಳ ಫಲಕಗಳನ್ನು ನೋಡಿರಬಹುದು. ಸಕ್ಕರೆ, ಥೈರಾಯ್ಡು, ಕೊಬ್ಬು ಇವುಗಳ ಪಟ್ಟಿಯ ಕೆಳಗೆ ‘ಕ್ಯಾನ್ಸರ್ ಮಾರ್ಕರ್’ ಎಂದೂ ಬರೆದಿರುವುದುಂಟು. ಊರಿಗೆ ಬಂದ ಮೇಲೆ ಜನ ಕೇಳುತ್ತಾರೆ: “ಒಂದು ಸಲ ರಕ್ತ ಕೊಟ್ಟರೆ ಸ್ತನದ ಕ್ಯಾನ್ಸರು ಇದೆಯೋ ಇಲ್ಲವೋ ತಿಳಿದುಹೋಗುತ್ತದಂತೆ, ಹೌದೆ?”

ಇದಕ್ಕೆ ಉತ್ತರ: ಇಲ್ಲ. ಇಂದಿನ ದಿನದಲ್ಲಿ ಸ್ತನದ ಕ್ಯಾನ್ಸರನ್ನು ಮೊದಲ ಹಂತದಲ್ಲಿಯೇ ಖಚಿತವಾಗಿ ಹಿಡಿದುಕೊಡುವ ರಕ್ತದ ಪ್ರೋಟೀನು ಪರೀಕ್ಷೆ ಯಾವುದೂ ಬಳಕೆಯಲ್ಲಿ ಇಲ್ಲ. ಏಕೆ ಇಲ್ಲ, ಹಾಗಾದರೆ ಆ ಪರೀಕ್ಷೆಗಳು ಏತಕ್ಕೆ ಇವೆ, ಗಂಟು ಕಂಡವರು ಏನು ಮಾಡತಕ್ಕದ್ದು ಎಂಬುದನ್ನು ಒಂದೊಂದಾಗಿ ನೋಡೋಣ.

ರಕ್ತದಲ್ಲಿ ಏನನ್ನು ಹುಡುಕುತ್ತಾರೆ?

ನಮ್ಮ ಶರೀರವು ಕೋಟ್ಯಂತರ ಸಣ್ಣ ಸಣ್ಣ ಜೀವಕೋಶಗಳಿಂದ ಕಟ್ಟಿದುದು. ಪ್ರತಿಯೊಂದು ಜೀವಕೋಶವೂ ತನ್ನ ಕೆಲಸಕ್ಕೆ ಬೇಕಾದ ಪ್ರೋಟೀನುಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅವುಗಳಲ್ಲಿ ಕೆಲವು ಚೂರುಚೂರಾಗಿ ರಕ್ತಕ್ಕೆ ಸೇರುತ್ತವೆ. ಕ್ಯಾನ್ಸರು ಹತ್ತಿದ ಜೀವಕೋಶಗಳು ಕೆಲವು ಪ್ರೋಟೀನುಗಳನ್ನು ಅಳತೆ ಮೀರಿ ತಯಾರಿಸುವುದರಿಂದ, ರಕ್ತದಲ್ಲಿ ಅವುಗಳ ಪ್ರಮಾಣ ಹೆಚ್ಚುವುದುಂಟು. ಇಂಥ ಪ್ರೋಟೀನಿಗೆ ಗುರುತು ಪ್ರೋಟೀನು, ಅಂದರೆ ‘ಮಾರ್ಕರ್’ ಎಂದು ಹೆಸರು.

ಸ್ತನದ ಕ್ಯಾನ್ಸರಿನ ವಿಷಯದಲ್ಲಿ ಹೆಚ್ಚಾಗಿ ಕೇಳಿಬರುವುದು ಸಿ.ಎ. 15-3 ಎಂಬ ಪರೀಕ್ಷೆ. ಇದು ಅಳೆಯುವುದು ಒಂದು ಲೋಳೆ ಪ್ರೋಟೀನಿನ ಚೂರನ್ನು. ಹೈನುಗಾರರಾದ ನಿಮಗೆ ಈ ಪ್ರೋಟೀನು ತೀರ ಅಪರಿಚಿತವೇನೂ ಅಲ್ಲ. ಹಾಲಿನಲ್ಲಿರುವ ಬೆಣ್ಣೆಯ ಕಣಗಳ ಸುತ್ತ ಒಂದು ತೆಳುವಾದ ಪೊರೆ ಇರುತ್ತದೆ. ಆ ಪೊರೆಯಲ್ಲಿ ಇರುವ ಪ್ರೋಟೀನುಗಳಲ್ಲಿ ಇದೂ ಒಂದು. ತಾಯಿಯ ಎದೆಯಲ್ಲಿ ಹಾಲಿನ ನಾಳಗಳ ಒಳಮೈಗೆ ಇದು ಲೇಪದಂತೆ ಇರುತ್ತದೆ. ಆರೋಗ್ಯವಾಗಿರುವಾಗ ನಾಳದ ಒಳಗಡೆಗೇ ಮುಖಮಾಡಿರುವುದರಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಕ್ಯಾನ್ಸರು ಬಂದಾಗ ಜೀವಕೋಶಗಳ ಕ್ರಮ ತಪ್ಪುತ್ತದೆ. ಒಳಗೆ ಯಾವುದು, ಹೊರಗೆ ಯಾವುದು ಎಂಬ ಕಟ್ಟು ಉಳಿಯುವುದಿಲ್ಲ. ಆಗ ಈ ಪ್ರೋಟೀನು ಕಳಚಿ ರಕ್ತಕ್ಕೆ ಸೇರತೊಡಗುತ್ತದೆ.

ಇದರ ಜೊತೆಗೆ ಸಿ.ಇ.ಎ. ಎಂಬ ಇನ್ನೊಂದು ಪ್ರೋಟೀನನ್ನೂ ಅಳೆಯುವುದುಂಟು. ಇದನ್ನು 1965ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್ಮನ್ ಎಂಬ ವಿಜ್ಞಾನಿಗಳು ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಕಂಡುಹಿಡಿದರು. ವರದಿಯಲ್ಲಿ ಸಿ.ಎ. 125 ಎಂದು ಬರೆದಿದ್ದರೆ ಅದು ಮುಖ್ಯವಾಗಿ ಅಂಡಾಶಯದ ರೋಗಕ್ಕೆ ಸಂಬಂಧಿಸಿದ್ದು, ಸ್ತನದ್ದಲ್ಲ.

ಇಷ್ಟು ಕೇಳಿದವರಿಗೆ, ಪ್ರೋಟೀನು ರಕ್ತಕ್ಕೆ ಬರುವುದು ನಿಜವಾದರೆ ಅಳೆದು ಹೇಳುವುದಕ್ಕೆ ಏನು ಕಷ್ಟ ಎಂದು ತೋರುವುದು ಸಹಜ. ಕಷ್ಟ ಎರಡು ಬಗೆ.

ಲ್ಯಾಕ್ಟೋಮೀಟರಿನ ಪಾಠ

ಡೇರಿಯಲ್ಲಿ ಹಾಲು ಅಳೆಯುವ ಲ್ಯಾಕ್ಟೋಮೀಟರನ್ನು ನೀವು ನೋಡಿದ್ದೀರಿ. ಹಾಲಿಗೆ ನೀರು ಬೆರೆಸಿದರೆ ಅದರ ಅಂಕಿ ಇಳಿಯುತ್ತದೆ. ಆದರೆ ಕೊಬ್ಬು ಹೆಚ್ಚಾಗಿರುವ ಒಳ್ಳೆಯ ಹಾಲಿನಲ್ಲಿಯೂ ಅಂಕಿ ಇಳಿಯುತ್ತದೆ. ಅಂಕಿಯೊಂದನ್ನೇ ನಂಬಿದರೆ ಪ್ರಾಮಾಣಿಕನ ಮೇಲೆ ಅಪವಾದ ಬರುತ್ತದೆ. ಇನ್ನೊಂದು ಕಡೆ, ಕೆನೆ ತೆಗೆದು ಆಮೇಲೆ ನೀರು ಬೆರೆಸಿದ ಹಾಲಿನಲ್ಲಿ ಅಂಕಿ ಸರಿಯಾಗಿಯೇ ನಿಲ್ಲಬಹುದು. ಅಂಕಿಯೊಂದನ್ನೇ ನಂಬಿದರೆ ಮೋಸಗಾರ ತಪ್ಪಿಸಿಕೊಳ್ಳುತ್ತಾನೆ. ಇದಕ್ಕಾಗಿಯೇ ಡೇರಿಯಲ್ಲಿ ಕೊಬ್ಬನ್ನೂ ಬೇರೆಯಾಗಿ ಅಳೆಯುತ್ತಾರೆ.

ರಕ್ತದ ಗುರುತು ಪ್ರೋಟೀನಿನ ಕಥೆಯೂ ಹೀಗೆಯೇ. ಮೊದಲನೆಯದಾಗಿ, ಕ್ಯಾನ್ಸರು ಇಲ್ಲದವರಲ್ಲಿಯೂ ಅಂಕಿ ಏರುವುದುಂಟು. ಇಂಥ ಪ್ರೋಟೀನುಗಳನ್ನು ರಕ್ತದಿಂದ ತೆಗೆದುಹಾಕುವ ಕೆಲಸ ಹೆಚ್ಚಾಗಿ ಯಕೃತ್ತಿನದು, ಅಂದರೆ ಲಿವರಿನದು. ಲಿವರು ಕೆಟ್ಟರೆ ಸಿ.ಎ. 15-3 ಏರುತ್ತದೆ. ಕ್ಯಾನ್ಸರಲ್ಲದ ಸ್ತನದ ಕೆಲವು ತೊಂದರೆಗಳಲ್ಲಿಯೂ ಏರಬಹುದು. ಬೀಡಿ ಸಿಗರೇಟು ಸೇದುವವರಲ್ಲಿ ಸಿ.ಇ.ಎ. ಹೆಚ್ಚಾಗಿರುತ್ತದೆ.

ಎರಡನೆಯದು ಇದಕ್ಕಿಂತ ಮುಖ್ಯ. ಕ್ಯಾನ್ಸರು ಇದ್ದವರಲ್ಲಿಯೂ ಅಂಕಿ ಏರದೆ ಇರಬಹುದು. ಒಂದು ಕೊಡ ಕೆಂಪು ನೀರನ್ನು ದೊಡ್ಡ ಕೆರೆಗೆ ಸುರಿದರೆ ಕೆರೆಯ ಬಣ್ಣ ಬದಲಾಗುವುದೆ? ಹಾಗೆಯೇ ಕಡಲೆಕಾಳಿನಷ್ಟು ಇರುವ ಗಂಟಿನಿಂದ ಕಳಚಿ ಬರುವ ಪ್ರೋಟೀನು, ಶರೀರದಲ್ಲಿ ಮೊದಲೇ ಇರತಕ್ಕ ಪ್ರಮಾಣದಲ್ಲಿ ಕರಗಿ ಕಾಣದೆ ಹೋಗುತ್ತದೆ. ಸಿ.ಎ. 15-3 ಸಾಮಾನ್ಯವಾಗಿ ಮಿಲಿಲೀಟರಿಗೆ ಸುಮಾರು 30 ಯೂನಿಟ್ಟಿನೊಳಗೆ ಇದ್ದರೆ ಸರಿ ಎನ್ನುತ್ತಾರೆ. ಸ್ತನದ ಕ್ಯಾನ್ಸರಿನ ಮೊದಲನೆಯ ಹಂತದಲ್ಲಿರುವ 100 ಮಂದಿಯಲ್ಲಿ ಸುಮಾರು 10 ಮಂದಿಗೆ ಮಾತ್ರ ಈ ಅಂಕಿ ಗಡಿ ದಾಟಿರುತ್ತದೆ. ಎರಡನೆಯ ಹಂತದಲ್ಲಿ ಸುಮಾರು 20, ಮೂರನೆಯ ಹಂತದಲ್ಲಿ ಸುಮಾರು 40 ಮಂದಿ. ರೋಗವು ಮೂಳೆಗೋ ಲಿವರಿಗೋ ಶ್ವಾಸಕೋಶಕ್ಕೋ ಹರಡಿದ ಮೇಲೆ ಸುಮಾರು 75 ಮಂದಿ.

ಈ ಅಂಕಿಗಳನ್ನು ಇನ್ನೊಮ್ಮೆ ಓದಿ. ಗುಣವಾಗುವ ಸಂಭವ ಹೆಚ್ಚಾಗಿರುವ ಕಾಲದಲ್ಲಿ ಪರೀಕ್ಷೆ ಸುಮ್ಮನಿರುತ್ತದೆ. ರೋಗ ಬಲಿತು ಹರಡಿದ ಮೇಲೆ ಮಾತನಾಡುತ್ತದೆ. ಬೆಳೆಯನ್ನೆಲ್ಲ ಹುಳು ತಿಂದ ಮೇಲೆ ಕೂಗುವ ಕಾವಲುಗಾರನಿಂದ ಏನು ಫಲ?

ಸಾವಿರ ಹೆಂಗಸರ ಲೆಕ್ಕ

ವಿಷಯ ಮನಸ್ಸಿಗೆ ಹತ್ತುವಂತೆ ಒಂದು ಲೆಕ್ಕ ಮಾಡೋಣ. ಇದು ತಿಳಿವಳಿಕೆಗಾಗಿ ಹಾಕಿಕೊಂಡ ಲೆಕ್ಕವೇ ಹೊರತು ಯಾವುದೊಂದು ಊರಿನ ಅಂಕಿ ಅಂಶವಲ್ಲ.

ಯಾವ ತೊಂದರೆಯೂ ಕಾಣದ 1000 ಹೆಂಗಸರಿಗೆ ಈ ರಕ್ತಪರೀಕ್ಷೆ ಮಾಡಿದರೆಂದು ಇಟ್ಟುಕೊಳ್ಳಿ. ಅವರಲ್ಲಿ ಇಬ್ಬರಿಗೆ ಸ್ತನದ ಕ್ಯಾನ್ಸರು ಮೊದಲ ಹಂತದಲ್ಲಿದೆ, ಉಳಿದ 998 ಮಂದಿಗೆ ಇಲ್ಲ. ಕ್ಯಾನ್ಸರು ಇಲ್ಲದ 100 ಮಂದಿಯಲ್ಲಿ 5 ಮಂದಿಗೆ ಅಂಕಿ ಗಡಿ ದಾಟುತ್ತದೆಂದು ಹಿಡಿದರೂ, 998ರಲ್ಲಿ ಸುಮಾರು 50 ಮಂದಿಗೆ ‘ಹೆಚ್ಚಾಗಿದೆ’ ಎಂಬ ವರದಿ ಬರುತ್ತದೆ. ನಿಜವಾಗಿ ರೋಗವಿರುವ ಆ ಇಬ್ಬರಲ್ಲಿಯೋ, 10ರಲ್ಲಿ ಒಬ್ಬರಿಗೆ ಮಾತ್ರ ಅಂಕಿ ಏರುವುದರಿಂದ, ಇಬ್ಬರಿಗೂ ‘ಸರಿಯಿದೆ’ ಎಂದೇ ವರದಿ ಬರುವ ಸಂಭವ ಹೆಚ್ಚು.

ಫಲವೇನಾಯಿತು? ರೋಗವಿಲ್ಲದ 50 ಮಂದಿ ನಿದ್ದೆಗೆಟ್ಟು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಹಣ ಕಳೆದುಕೊಂಡರು. ರೋಗವಿರುವ ಇಬ್ಬರು ನೆಮ್ಮದಿಯಿಂದ ಮನೆಗೆ ಹೋದರು. ಎರಡೂ ಕೇಡೇ. ಆದರೆ ಎರಡನೆಯ ಕೇಡು ಪ್ರಾಣಕ್ಕೆ ಬರುವಂಥದು.

ಇನ್ನೊಂದು ಸಂದರ್ಭವನ್ನು ಊಹಿಸಿಕೊಳ್ಳಿ. ರಾಮೋಹಳ್ಳಿಯ ಕಡೆಯ ಒಂದು ಊರಿನ ತಾಯಿ, ವಯಸ್ಸು 48. ಸ್ನಾನ ಮಾಡುವಾಗ ಎಡ ಸ್ತನದಲ್ಲಿ ಗಂಟೊಂದು ಕೈಗೆ ಸಿಕ್ಕಿತು. ನೋವಿಲ್ಲ. ನೋವಿಲ್ಲದ್ದರಿಂದ ಭಯವೂ ಇಲ್ಲ. ವಿಜಯನಗರದಲ್ಲಿರುವ ಮಗಳ ಮನೆಗೆ ಹೋದಾಗ, ಬೇರೆ ಪರೀಕ್ಷೆಗಳ ಜೊತೆಗೆ ಕ್ಯಾನ್ಸರಿನ ಮಾರ್ಕರ್ ಪರೀಕ್ಷೆಯೂ ಆಯಿತು. ವರದಿ ಸರಿಯಿದೆ ಎಂದು ಬಂತು. ಅದನ್ನು ಮಡಿಸಿ ರೇಷನ್ ಕಾರ್ಡಿನ ಜೊತೆ ಪೆಟ್ಟಿಗೆಯಲ್ಲಿಟ್ಟರು. ರಾಗಿ ಕೊಯ್ಲು ಮುಗಿಯಿತು, ಸಂಕ್ರಾಂತಿ ಮುಗಿಯಿತು, ಮೈದುನನ ಮಗನ ಮದುವೆ ಮುಗಿಯಿತು. ಗಂಟು ನಿಂಬೆಹಣ್ಣಿನಷ್ಟಾಯಿತು. “ರಕ್ತದಲ್ಲಿ ಏನೂ ಇಲ್ಲ ಅಂದಿದ್ದರಲ್ಲ” ಎಂದು ಮನೆಯವರು ಸಮಾಧಾನ ಹೇಳುತ್ತಲೇ ಇದ್ದರು.

ಈ ತಾಯಿಯನ್ನು ಕೆಡಿಸಿದ್ದು ರೋಗವೊಂದೇ ಅಲ್ಲ, ಆ ಕಾಗದವೂ ಹೌದು. ಆದ್ದರಿಂದ ಈ ಲೇಖನದಲ್ಲಿ ನೀವು ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ಕೈಗೆ ಗಂಟು ಸಿಕ್ಕಿದ ಮೇಲೆ, ರಕ್ತದ ವರದಿ ಏನೇ ಹೇಳಲಿ, ಗಂಟನ್ನೇ ಪರೀಕ್ಷೆ ಮಾಡಿಸತಕ್ಕದ್ದು.

ಹಾಗಾದರೆ ಈ ಪರೀಕ್ಷೆ ಏತಕ್ಕೆ?

ಸಿ.ಎ. 15-3 ಪರೀಕ್ಷೆಯೇ ವ್ಯರ್ಥವೆಂದು ತಿಳಿಯಬಾರದು. ಅದಕ್ಕೂ ಅದರದೇ ಆದ ಕೆಲಸವಿದೆ. ರೋಗವು ಶರೀರದ ಬೇರೆ ಭಾಗಗಳಿಗೆ ಹರಡಿ ಚಿಕಿತ್ಸೆ ನಡೆಯುತ್ತಿರುವಾಗ, ಔಷಧಿ ಹಿಡಿಯುತ್ತಿದೆಯೋ ಇಲ್ಲವೋ ಎಂದು ನೋಡಲು ವೈದ್ಯರು ಇದನ್ನು ಆಗಾಗ್ಗೆ ಮಾಡಿಸುತ್ತಾರೆ. ಅಂಕಿ ಇಳಿಯುತ್ತ ಹೋದರೆ ಔಷಧಿ ಕೆಲಸ ಮಾಡುತ್ತಿರಬಹುದು. ಏರುತ್ತ ಹೋದರೆ ಮಾಡುತ್ತಿಲ್ಲದಿರಬಹುದು. ಅಲ್ಲಿಯೂ ಇದೊಂದನ್ನೇ ನಂಬುವುದಿಲ್ಲ. ಸ್ಕ್ಯಾನು ಮತ್ತು ರೋಗಿಯ ಸ್ಥಿತಿ ಎರಡನ್ನೂ ಜೊತೆಗಿಟ್ಟು ನೋಡುತ್ತಾರೆ. ಹೊಸ ಔಷಧಿ ಆರಂಭಿಸಿದ ಮೊದಲ 4ರಿಂದ 6 ವಾರಗಳಲ್ಲಿ, ಔಷಧಿ ಚೆನ್ನಾಗಿ ಹಿಡಿಯುತ್ತಿದ್ದರೂ ಅಂಕಿ ಸ್ವಲ್ಪ ಏರುವುದುಂಟು. ಇದನ್ನು ತಿಳಿಯದೆ ಮನೆಯವರು ಗಾಬರಿಯಾಗಿ ಚಿಕಿತ್ಸೆ ಬಿಡಿಸಬಾರದು.

ಗಂಟಿನಿಂದ ತೆಗೆದ ಚೂರಿನ ಮೇಲೆ ಮಾಡುವ ಪ್ರೋಟೀನು ಪರೀಕ್ಷೆಗಳು ಬೇರೆ. ಅವು ಬಹಳ ಮುಖ್ಯ. ಗಂಟಿನ ಜೀವಕೋಶದಲ್ಲಿ ಹೆಣ್ಣು ಹಾರ್ಮೋನುಗಳನ್ನು ಹಿಡಿಯುವ ಪ್ರೋಟೀನು ಇದೆಯೆ, ಹರ್-2 ಎಂಬ ಪ್ರೋಟೀನು ಹೆಚ್ಚಾಗಿದೆಯೆ ಎಂದು ನೋಡಿಯೇ ಯಾವ ಔಷಧಿ ಕೊಡಬೇಕೆಂಬುದನ್ನು ತೀರ್ಮಾನಿಸುತ್ತಾರೆ. ಹರ್-2 ಹೆಚ್ಚಾಗಿರುವವರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಎಂಬ ಔಷಧಿ 1998ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಈ ಒಂದು ಔಷಧಿಯಿಂದ ಅನೇಕರ ಆಯುಸ್ಸು ಬೆಳೆದಿದೆ.

ತಾಯಿ, ಅಕ್ಕತಂಗಿಯರು, ಚಿಕ್ಕಮ್ಮ ಹೀಗೆ ಒಂದೇ ವಂಶದಲ್ಲಿ ಹಲವರಿಗೆ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರು ಬಂದಿದ್ದರೆ, ರಕ್ತದಿಂದ ಮಾಡುವ ವಂಶವಾಹಿಯ ಪರೀಕ್ಷೆಯೊಂದು ಉಂಟು. ಅದು ಪ್ರೋಟೀನಿನ ಪರೀಕ್ಷೆಯಲ್ಲ. ಮುಂದೆ ರೋಗ ಬರುವ ಸಂಭವ ಎಷ್ಟೆಂಬುದನ್ನು ತಿಳಿಸುತ್ತದೆಯೇ ಹೊರತು ಈಗ ರೋಗವಿದೆಯೆ ಎಂಬುದನ್ನಲ್ಲ. ಸ್ತನದ ಕ್ಯಾನ್ಸರುಗಳಲ್ಲಿ ವಂಶಪಾರಂಪರ್ಯವಾಗಿ ಬರುವುದು 100ಕ್ಕೆ 5ರಿಂದ 10 ಮಾತ್ರ. ನಮ್ಮ ವಂಶದಲ್ಲಿ ಯಾರಿಗೂ ಇಲ್ಲ ಎಂದು ನಿಶ್ಚಿಂತರಾಗುವುದು ಸರಿಯಲ್ಲ.

ಸಂಶೋಧನೆ ಎಲ್ಲಿಗೆ ಬಂದಿದೆ?

ರಕ್ತದಿಂದಲೇ ರೋಗವನ್ನು ಬೇಗ ಹಿಡಿಯಬೇಕೆಂಬ ಪ್ರಯತ್ನ ನಿಂತಿಲ್ಲ. ನಮ್ಮ ಬೆಂಗಳೂರಿನವರ ಪಾಲೂ ಇದರ ತಳಪಾಯದಲ್ಲಿ ಇದೆ. ವೈಟ್‌ಫೀಲ್ಡಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಎಂಬ ಸಂಸ್ಥೆಯವರು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರೊಡನೆ ಸೇರಿ, ಡಾ. ಅಖಿಲೇಶ್ ಪಾಂಡೆಯವರ ನೇತೃತ್ವದಲ್ಲಿ ಮನುಷ್ಯ ಶರೀರದ ಪ್ರೋಟೀನುಗಳ ಒಂದು ನಕ್ಷೆಯನ್ನು ತಯಾರಿಸಿ 2014ರಲ್ಲಿ ಪ್ರಕಟಿಸಿದರು. ಶರೀರದ 30 ಬಗೆಯ ಅಂಗಾಂಶ ಮತ್ತು ಜೀವಕೋಶಗಳನ್ನು ಪರೀಕ್ಷಿಸಿ, 17,294 ವಂಶವಾಹಿಗಳಿಂದ ಹುಟ್ಟುವ ಪ್ರೋಟೀನುಗಳನ್ನು ಅದರಲ್ಲಿ ಗುರುತಿಸಿದರು. ಯಾವ ಅಂಗದಲ್ಲಿ ಯಾವ ಪ್ರೋಟೀನು ಸಹಜ ಎಂದು ಮೊದಲು ತಿಳಿದರೆ ತಾನೆ ಯಾವುದು ಅಸಹಜ ಎಂದು ಆಮೇಲೆ ಹೇಳಬಹುದು? ಹೊಲದಲ್ಲಿ ಪೈರಿನ ಗುರುತು ಇದ್ದವನೇ ಕಳೆ ಕೀಳಬಲ್ಲ.

ಒಂದೇ ಪ್ರೋಟೀನಿಗೆ ಬದಲು ಹಲವನ್ನು ಒಟ್ಟಿಗೆ ಅಳೆದರೆ ಹೇಗೆ ಎಂಬ ಪ್ರಯತ್ನವೂ ನಡೆದಿದೆ. 2018ರಲ್ಲಿ ಜಾನ್ಸ್ ಹಾಪ್‌ಕಿನ್ಸಿನ ವಿಜ್ಞಾನಿಗಳು 8 ಪ್ರೋಟೀನುಗಳನ್ನೂ ಕ್ಯಾನ್ಸರಿನ ವಂಶವಾಹಿಯ ಚೂರುಗಳನ್ನೂ ಒಟ್ಟಿಗೆ ನೋಡುವ ಒಂದು ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ರೋಗ ಇದೆಯೆಂದು ಮೊದಲೇ ಗೊತ್ತಿದ್ದವರ ಮೇಲೆ ಮಾಡಿದ ಪರೀಕ್ಷೆ ಇದು. ಅಂಡಾಶಯ, ಲಿವರು ಮೊದಲಾದ ಕೆಲವು ಕ್ಯಾನ್ಸರುಗಳನ್ನು ಇದು ಚೆನ್ನಾಗಿ ಹಿಡಿಯಿತು. ಆದರೆ ಸ್ತನದ ಕ್ಯಾನ್ಸರಿನಲ್ಲಿ 100ರಲ್ಲಿ ಸುಮಾರು 33 ಮಂದಿಯನ್ನು ಮಾತ್ರ ಹಿಡಿಯಿತು, ಮೂವರಲ್ಲಿ ಇಬ್ಬರು ತಪ್ಪಿಹೋದರು. ಮುಂದೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬರಬಹುದು. ಬಂದಾಗ ಸಂತೋಷದಿಂದ ಬಳಸೋಣ. ಬರುವ ತಳಿಯನ್ನು ನೆನೆದು ಈ ವರ್ಷದ ಬಿತ್ತನೆಯನ್ನು ಯಾರೂ ಬಿಡುವುದಿಲ್ಲವಷ್ಟೆ.

ಗಂಟನ್ನು ಪರೀಕ್ಷಿಸುವ ಬಗೆ

ರೇಷ್ಮೆ ಸಾಕುವವರಿಗೆ ಗಂಟುರೋಗದ ಕಾಟ ಗೊತ್ತು. ಮೊಟ್ಟೆಯನ್ನು ಹೊರಗಿನಿಂದ ನೋಡಿ ರೋಗ ಹೇಳಲಾಗುವುದಿಲ್ಲ. ತಾಯಿ ಚಿಟ್ಟೆಯನ್ನೇ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಾಣು ಇಲ್ಲದ ಮೊಟ್ಟೆಯನ್ನು ಮಾತ್ರ ಚಾಕಿಗೆ ಕೊಡುತ್ತಾರೆ. ಫ್ರಾನ್ಸ್ ದೇಶದ ಲೂಯಿ ಪಾಶ್ಚರರು 1865ರಿಂದ 1870ರವರೆಗಿನ ಕೆಲಸದಲ್ಲಿ ಕಂಡುಕೊಂಡ ವಿಧಾನವಿದು. ರೋಗ ಎಲ್ಲಿದೆಯೋ ಅಲ್ಲಿಯ ಚೂರನ್ನು ಕಣ್ಣಾರೆ ನೋಡಬೇಕು ಎಂಬುದೇ ಇದರ ಸಾರ. ಸ್ತನದ ಗಂಟಿಗೂ ಇದೇ ನಿಯಮ. ಇದರಲ್ಲಿ ಮೂರು ಮೆಟ್ಟಿಲುಗಳಿವೆ.

ಮೊದಲನೆಯದು ಕೈಯಿಂದ ಮುಟ್ಟಿ ನೋಡುವ ಪರೀಕ್ಷೆ. ತರಬೇತಿ ಪಡೆದ ದಾದಿಯೋ ವೈದ್ಯರೋ ಎರಡು ಸ್ತನಗಳನ್ನೂ ಕಂಕುಳನ್ನೂ ಕ್ರಮವಾಗಿ ಮುಟ್ಟಿ ನೋಡುತ್ತಾರೆ. ಖರ್ಚಿಲ್ಲ, ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಇದನ್ನು ಅಲ್ಪವೆಂದು ಎಣಿಸಬೇಡಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿ 35ರಿಂದ 64 ವರ್ಷದ 1,51,538 ಹೆಂಗಸರನ್ನು ಸೇರಿಸಿಕೊಂಡು ಒಂದು ದೊಡ್ಡ ಪ್ರಯೋಗ ನಡೆಸಿದರು. ಒಂದು ಗುಂಪಿನವರಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಪರೀಕ್ಷೆ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಈ ಗುಂಪಿನಲ್ಲಿ ರೋಗವು ಮುಂಚಿನ ಹಂತದಲ್ಲಿಯೇ ಸಿಕ್ಕಿತು. 50 ವರ್ಷ ದಾಟಿದವರಲ್ಲಿ ಸ್ತನದ ಕ್ಯಾನ್ಸರಿನಿಂದಾಗುವ ಸಾವು ಹತ್ತಿರ ಹತ್ತಿರ 100ಕ್ಕೆ 30ರಷ್ಟು ಕಡಿಮೆಯಾಯಿತು. 50ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಯಂತ್ರವಿಲ್ಲದೆ, ಕಲಿತ ಕೈಯಿಂದ ಆದ ಫಲ ಇದು.

ಎರಡನೆಯದು ಚಿತ್ರ ತೆಗೆಯುವುದು. ಮ್ಯಾಮೋಗ್ರಾಂ ಎಂಬುದು ಸ್ತನದ ಎಕ್ಸ್‌ರೇ. ಕೈಗೆ ಸಿಗದಷ್ಟು ಚಿಕ್ಕ ಗಂಟೂ ಅದರಲ್ಲಿ ಕಾಣಬಹುದು. ಚಿಕ್ಕ ವಯಸ್ಸಿನ ಹೆಂಗಸರ ಸ್ತನ ದಟ್ಟವಾಗಿರುವುದರಿಂದ ಅವರಿಗೆ ಸ್ಕ್ಯಾನಿಂಗ್ ಹೆಚ್ಚು ಅನುಕೂಲ. ಯಾವುದು ಬೇಕೆಂಬುದನ್ನು ವೈದ್ಯರು ಹೇಳುತ್ತಾರೆ.

ಮೂರನೆಯದು ಸೂಜಿಪರೀಕ್ಷೆ. ಗಂಟಿನಿಂದ ಸೂಜಿಯ ಮೂಲಕ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕ್ಯಾನ್ಸರು ಹೌದೋ ಅಲ್ಲವೋ ಎಂಬ ಕೊನೆಯ ತೀರ್ಪು ಇಲ್ಲಿಯೇ ಆಗತಕ್ಕದ್ದು. ಸೂಜಿ ಚುಚ್ಚಿದರೆ ರೋಗ ಕೆರಳಿ ಮೈಗೆಲ್ಲ ಹರಡುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಆ ಮಾತನ್ನು ನಂಬಿ ಪರೀಕ್ಷೆ ಬಿಡಬೇಡಿ. ಹರಡಲು ಅವಕಾಶ ಕೊಡುವುದು ಸೂಜಿಯಲ್ಲ, ನಮ್ಮ ತಡ.

ಇಲ್ಲಿ ಒಂದು ಸಮಾಧಾನದ ಮಾತನ್ನೂ ಹೇಳಬೇಕು. ಸ್ತನದಲ್ಲಿ ಕಾಣುವ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂಬುದನ್ನು ಮನೆಯಲ್ಲಿ ಕುಳಿತು ಹೇಳಲಾಗದು.

ಯಾವ ಚಿಹ್ನೆ ಕಂಡರೆ ತಡಮಾಡಬಾರದು?

ಸ್ತನದಲ್ಲಿ ಅಥವಾ ಕಂಕುಳಲ್ಲಿ ಹೊಸದಾಗಿ ಗಂಟು ಕಾಣುವುದು, ಅದು ನೋಯದಿದ್ದರೂ ಸರಿಯೆ. ಚರ್ಮ ಒಳಕ್ಕೆ ಎಳೆದಂತೆ ಗುಳಿ ಬೀಳುವುದು. ಚರ್ಮ ಕಿತ್ತಳೆಯ ಸಿಪ್ಪೆಯಂತೆ ದಪ್ಪವಾಗುವುದು. ತೊಟ್ಟು ಹೊಸದಾಗಿ ಒಳಕ್ಕೆ ಸೇರುವುದು. ತೊಟ್ಟಿನಿಂದ ರಕ್ತ ಬರುವುದು. ಆರದ ಹುಣ್ಣು. ಒಂದು ಸ್ತನದ ಆಕಾರ ಮಾತ್ರ ಬದಲಾಗುವುದು. ಇವುಗಳಲ್ಲಿ ಯಾವೊಂದು ಕಂಡರೂ ವೈದ್ಯರಿಗೆ ತೋರಿಸತಕ್ಕದ್ದು. ಸೊಪ್ಪು ಕಟ್ಟುವುದು, ಬಿಸಿ ಶಾಖ ಕೊಡುವುದು, ಹರಕೆ ತೀರಿಸಿ ಆಮೇಲೆ ನೋಡೋಣ ಎನ್ನುವುದು ಬೇಡ. ಹರಕೆ ಹೊತ್ತುಕೊಳ್ಳಿ, ಆದರೆ ಆಸ್ಪತ್ರೆಗೆ ಹೊರಡುವ ಬಸ್ಸಿನಲ್ಲಿ ಕುಳಿತು ಹೊತ್ತುಕೊಳ್ಳಿ.

ಗಂಡಸರಿಗೂ ಈ ರೋಗ ಅಪರೂಪವಾಗಿ ಬರುತ್ತದೆ. ಸುಮಾರು 100ಕ್ಕೆ ಒಂದರಂತೆ ಗಂಡಸರಲ್ಲಿ ಕಾಣುವುದರಿಂದ, ನಿಮ್ಮ ಎದೆಯಲ್ಲಿ ಗಂಟು ಕಂಡರೂ ತೋರಿಸಿ.

ಎಲ್ಲಿ ತೋರಿಸಬೇಕು?

ಮೊದಲು ಹೋಗಬೇಕಾದದ್ದು ದೂರವೇನೂ ಅಲ್ಲ. 2016ರಲ್ಲಿ ಹೊರಡಿಸಿದ ರಾಷ್ಟ್ರೀಯ ಸೂಚನೆಯಂತೆ, 30 ವರ್ಷ ದಾಟಿದ ಹೆಂಗಸರಿಗೆ 5 ವರ್ಷಕ್ಕೊಮ್ಮೆ ಸ್ತನದ ಕೈಪರೀಕ್ಷೆ ನಡೆಯತಕ್ಕದ್ದು. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ, ಉಪಕೇಂದ್ರದಲ್ಲಿಯೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೋ ಯಾವ ದಿನ ಮಾಡುತ್ತಾರೆಂದು ಹೇಳುತ್ತಾರೆ. ಪರೀಕ್ಷೆ ಮಾಡುವವರು ಹೆಂಗಸರೇ ಆಗಬೇಕೆಂದು ಕೇಳಲು ಸಂಕೋಚ ಬೇಡ. ಆದರೆ ಗಂಟು ಕಂಡವರು 5 ವರ್ಷದ ಸರದಿಗೆ ಕಾಯಬಾರದು, ಆ ವಾರವೇ ಹೋಗಬೇಕು.

ಸಂಶಯ ಬಂದರೆ ಚೀಟಿ ಬರೆಸಿಕೊಂಡು ದೊಡ್ಡ ಆಸ್ಪತ್ರೆಗೆ ಹೋಗುವುದು. 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆ ಕ್ಯಾನ್ಸರಿಗೆಂದೇ ಇರುವ ಸರ್ಕಾರಿ ಸಂಸ್ಥೆ. ಹೊಸೂರು ರಸ್ತೆಯ ಕಡೆ, ನಿಮ್ಹಾನ್ಸ್ ಆಸ್ಪತ್ರೆಯ ಸಮೀಪದಲ್ಲಿದೆ. ಕುಂಬಳಗೋಡು, ಪೀಣ್ಯದ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಮಗನಿಗೋ ಮಗಳಿಗೋ ಇ.ಎಸ್.ಐ. ಚೀಟಿ ಇದ್ದರೆ, ಅದರಲ್ಲಿ ಹೆಸರು ಸೇರಿರುವ ಮನೆಯವರಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ದಾರಿಯೂ ಉಂಟು. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಹೊರಡುವಾಗ ರೇಷನ್ ಕಾರ್ಡು, ಆಧಾರ್ ಕಾರ್ಡು, ಹಳೆಯ ವರದಿಗಳು ಇವನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿ.

ವೈದ್ಯರಿಗೆ ಮೊದಲು ತೋರಿಸಿದ ದಿನದಿಂದ 60 ದಿನದೊಳಗೆ ಪರೀಕ್ಷೆಗಳೆಲ್ಲ ಮುಗಿದು ರೋಗ ಇದೆಯೋ ಇಲ್ಲವೋ ತೀರ್ಮಾನವಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಗುರಿ ಇಟ್ಟಿದ್ದಾರೆ. ನೀವೂ ಪಂಚಾಂಗದಲ್ಲಿ ಆ ದಿನವನ್ನು ಗುರುತು ಮಾಡಿಡಿ.

ಮನೆಯ ಗಂಡಸರು ಮಾಡಬೇಕಾದುದು

ಎಷ್ಟೋ ಮನೆಗಳಲ್ಲಿ ಹೆಂಗಸರು ಆಸ್ಪತ್ರೆಗೆ ಹೋಗದಿರುವುದು ತಿಳಿವಳಿಕೆ ಇಲ್ಲದ್ದರಿಂದ ಅಲ್ಲ. ತಾನು ಹೋದರೆ ಹಾಲು ಕರೆಯುವವರು ಯಾರು, ಮಕ್ಕಳಿಗೆ ಮುದ್ದೆ ತೊಳಸುವವರು ಯಾರು, ಬಸ್ಸಿನ ದುಡ್ಡು ಕೇಳಿದರೆ ಯಾರು ಏನನ್ನುತ್ತಾರೋ ಎಂಬ ಯೋಚನೆಯಿಂದ. ಈ ಯೋಚನೆಯನ್ನು ಆಕೆಯ ತಲೆಯಿಂದ ಇಳಿಸುವುದು ನಿಮ್ಮ ಕೈಯಲ್ಲಿದೆ. ಈ ದಿನ ರಾತ್ರಿ ಊಟವಾದ ಮೇಲೆ ಈ ಲೇಖನವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ. ಓದಿ ಮುಗಿಸಿ, “ನಿನಗೆ ಅಂಥದ್ದೇನಾದರೂ ಇದ್ದರೆ ಹೇಳು, ನಾಳೆಯೇ ಹೋಗೋಣ, ನಾನೂ ಬರುತ್ತೇನೆ” ಎಂದು ಹೇಳಿ. ತಾಯಿಗೆ ಹೇಳಲು ನಿಮಗೆ ಸಂಕೋಚವಾದರೆ ಹೆಂಡತಿಯ ಮೂಲಕವೋ ಅಕ್ಕನ ಮೂಲಕವೋ ಹೇಳಿಸಿ. ಒಂದು ದಿನದ ಕೂಲಿ ಹೋದರೆ ಮರುದಿನ ದುಡಿಯಬಹುದು.

ನೆನಪಿನಲ್ಲಿಡತಕ್ಕ ಅಂಶಗಳು

1. ಸ್ತನದ ಕ್ಯಾನ್ಸರನ್ನು ಮೊದಲ ಹಂತದಲ್ಲಿಯೇ ಖಚಿತವಾಗಿ ಹಿಡಿಯುವ ರಕ್ತದ ಪ್ರೋಟೀನು ಪರೀಕ್ಷೆ ಇಂದು ಇಲ್ಲ.

2. ಗಂಟು ಇದ್ದು ರಕ್ತದ ವರದಿ ಸರಿಯಿದ್ದರೆ, ಗಂಟನ್ನೇ ನಂಬಿ, ವರದಿಯನ್ನಲ್ಲ.

3. ಗಂಟಿಲ್ಲದೆ ವರದಿಯಲ್ಲಿ ಅಂಕಿ ಹೆಚ್ಚಾಗಿದ್ದರೆ ಗಾಬರಿಯಾಗಬೇಡಿ. ಲಿವರಿನ ತೊಂದರೆ ಮೊದಲಾದ ಬೇರೆ ಕಾರಣಗಳೂ ಉಂಟು. ವೈದ್ಯರಿಗೆ ತೋರಿಸಿ.

4. ಕೈಪರೀಕ್ಷೆ, ಚಿತ್ರ, ಸೂಜಿಪರೀಕ್ಷೆ — ಇದೇ ಸರಿಯಾದ ಕ್ರಮ.

5. ನೋವಿಲ್ಲದ ಗಂಟನ್ನು ನೋಯುವ ಗಂಟಿಗಿಂತಲೂ ಬೇಗ ತೋರಿಸಿ. ನೋವಿಲ್ಲವೆಂದೇ ಜನ ಅದನ್ನು ಬಿಟ್ಟುಬಿಡುವುದು.

6. ಚಿಕಿತ್ಸೆ ಆರಂಭವಾದರೆ ನಡುವೆ ನಿಲ್ಲಿಸಬೇಡಿ.

ಮುಂದಿನ ಸಲ ಉಪಕೇಂದ್ರದಲ್ಲಿ ಪರೀಕ್ಷೆಯ ದಿನ ಯಾವುದೆಂದು ತಿಳಿದುಕೊಂಡು, ಡೇರಿಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಿಡಿ. ಬೆಳಿಗ್ಗೆ ಸಂಜೆ ಹಾಲು ಹಾಕಲು ಬರುವವರೆಲ್ಲ ಅದನ್ನು ಓದುತ್ತಾರೆ.